ಚೆಂಡುಹೂವಿನ ಬಣ್ಣದ ಬಟನ್

ಆಯುಧಪೂಜೆಗೆ ಊರೆಲ್ಲ ಮಷಿನ್‌ಗೆ ಹೂ ಏರಿಸಿದರೆ, ಗುತ್ತೂರಿನ ತಗಡು ಕಾರ್ಖಾನೆಯ ಸಾಹುಕಾರ್ ಶಿವಮೂರ್ತಿಯವರಿಗೆ ಮಷಿನ್ ನಡೆಸುವ ಟಚ್‌ಸ್ಕ್ರೀನ್ ಪರದೆಗೂ ಶೃಂಗಾರ ಬೇಕಾಯಿತು. ಬಟನ್‌ಗಳೆಲ್ಲ ಚೆಂಡುಹೂವಿನ ಬಣ್ಣಕ್ಕೆ ಬರಲಿ ಎಂದು ಅಪ್ಪಣೆಯಾಯಿತು. ದಾವಣಗೆರೆಯ ಪಿ.ಜೆ. ಬಡಾವಣೆಯ ಆಫೀಸಿನಲ್ಲಿ ಕೂತು ಇಂಥ ಪರದೆಗಳಿಗೆ ಸ್ಕಿನ್, ಅಂದರೆ ಮೇಲ್ನೋಟದ ಬಣ್ಣ-ರೂಪ, ಮಾಡುವುದೇ ಭವ್ಯಾಳ ಕಸುಬು. ಸ್ಟೈಲ್‌ಶೀಟಿನಲ್ಲಿ ನಾಲ್ಕು ಸಾಲು ಬರೆದರಾಯಿತು, ಒಳಗಿನ ಬಟನ್ ಇದ್ದ ಹಾಗೇ ಇರುತ್ತದೆ, ಮೇಲಿನ ಅಂಗಿ ಬದಲಾಗುತ್ತದೆ.

ಆದರೆ ಮಷಿನ್ ನಿಲ್ಲಿಸುವ ಬಟನ್ ಮಾತ್ರ ಹಠ ಹಿಡಿಯಿತು. ಆಫೀಸಿನಲ್ಲಿ ಹಳದಿ, ಗುತ್ತೂರಿನಲ್ಲಿ ಕೆಂಪು. ಕುಣಿಯಲಾರದವಳು ನೆಲ ಡೊಂಕು ಅಂದಂತೆ, ಅಲ್ಲಿನ ಪರದೆಯೇ ಹಳತು ಎಂದು ಭವ್ಯಾ ಬೈದುಕೊಂಡಳು. ಪೂಜೆಯ ದಿನ ಲ್ಯಾಪ್‌ಟಾಪ್ ಹೊತ್ತು ತಾನೇ ಹೋದಳು.

ಮಷಿನ್ ನಡೆಸುವ ನಿಂಗಪ್ಪ ಅವಳನ್ನು ಪಕ್ಕಕ್ಕೆ ಕರೆದ. ಹೋದ ವರ್ಷ ಇದೇ ಮಷಿನ್ನಿನ ರೋಲರಿಗೆ ತೋಳು ಸಿಕ್ಕಿ ಅವನ ಜೊತೆ ಕೆಲಸಕ್ಕಿದ್ದ ಪಾಲಯ್ಯ ಸತ್ತಿದ್ದನಂತೆ. ಕೊನೆಗೆ ಅವನು ಕೈ ಚಾಚಿದ್ದು ಆ ಬಟನ್‌ಗೇ, ಒಂದು ಗೇಣು ಸಾಲಲಿಲ್ಲ.

“ಅದರ ಬಣ್ಣ ಮುಟ್ಟಬ್ಯಾಡವ್ವ. ಗಾಬರಿಯಾದಾಗ ಕಣ್ಣು ಕೆಂಪನ್ನೇ ಹುಡುಕ್ತೈತೆ” ಅಂದ.

ಭವ್ಯಾಳಿಗೂ ಅದು ಸರಿಯೆನ್ನಿಸಿತು. ಆದರೆ ಸಾಹುಕಾರರು ಬೆನ್ನ ಹಿಂದೆಯೇ ನಿಂತಿದ್ದರು. ತಾನು ಬರೆದದ್ದು ತನ್ನ ಮಾತೇ ಕೇಳದ ಸಿಟ್ಟು ಬೇರೆ. ಬೇರಾವ ಸಾಲೂ ಮೀರದಂಥ ಕಟ್ಟಾಜ್ಞೆ ಬರೆದಳು. ಬಟನ್ ಹಳದಿಯಾಯಿತು.

ಮಂಗಳಾರತಿ ಆಯಿತು, ಬೂದುಗುಂಬಳ ಒಡೆದರು, ಮಷಿನ್ ತಿರುಗತೊಡಗಿತು. ನಮಸ್ಕಾರಕ್ಕೆ ಬಗ್ಗಿದ ಭವ್ಯಾಳ ವೇಲಿನ ತುದಿಯನ್ನು ರೋಲರ್ ಕಚ್ಚಿಕೊಂಡಿತು. ಕುತ್ತಿಗೆ ಬಿಗಿಯಿತು. ನಿಂಗಪ್ಪ ಪರದೆಯತ್ತ ಓಡಿದ. ಎಲ್ಲವೂ ಹಳದಿ. ಅವನ ಬೆರಳು ಗಾಳಿಯಲ್ಲೇ ತಡವರಿಸುವುದು ಅವಳಿಗೆ ಕಂಡಿತು. ಇದನ್ನು ಕೈಯಾರೆ ಮಾಡಿಕೊಂಡೆನಲ್ಲ ಎಂದು ಎದೆ ಒಡೆಯಿತು.

ಆಗ ಒಂದು ಬಟನ್ ತಾನಾಗಿ ಕೆಂಪಾಯಿತು. ಒತ್ತಿದಂತೆ ಒಳಕ್ಕೆ ಕುಸಿಯಿತು. ರೋಲರ್ ನಿಂತಿತು.

ವೇಲ್ ಕತ್ತರಿಸಿ ಬಿಡಿಸಿದ ನಿಂಗಪ್ಪನ ಮುಖ ಬಿಳಿಚಿಕೊಂಡಿತ್ತು.

“ನಾನಿನ್ನೂ ಮುಟ್ಟಿರ್ಲಿಲ್ಲವ್ವ” ಅಂದ.

ಒತ್ತಿದಾಗ ಕುಸಿದಂತೆ ಕಾಣುವ ಸ್ಕಿನ್ ಭವ್ಯಾ ಬರೆದೇ ಇರಲಿಲ್ಲ. ಆದರೂ ಬಟನ್ ಇನ್ನೂ ಕುಸಿದೇ ಇತ್ತು, ಯಾರೋ ಬೆರಳು ತೆಗೆಯದೆ ಹಿಡಿದ ಹಾಗೆ. ಸಾಹುಕಾರರೇ ಬಂದು ಚಾಲೂ ಮಾಡಲು ನೋಡಿದರು, ಆಗಲಿಲ್ಲ. ಭವ್ಯಾ ಕಟ್ಟಾಜ್ಞೆಯನ್ನು ಅಳಿಸಿ ಕೆಂಪು ಬರೆದಳು.

“ಇನ್ನು ಯಾರೂ ಬದಲಾಯಿಸಲ್ಲ, ಪಾಲಯ್ಯಣ್ಣ. ಕೈ ಬಿಡ್ರಿ” ಅಂದಳು.

ಬಟನ್ ನಿಧಾನಕ್ಕೆ ಮೇಲೆ ಬಂತು.