ನಾಲ್ಕನೆಯ ಪದ್ಯ

“ಸರ್, ನಾಲ್ಕನೇ ಪದ್ಯದಲ್ಲಿ ಬಾಗಿಲು ಬಡಿಯೋ ಸದ್ದೇ ಇಲ್ವಲ್ಲ?” ಎಂದಳು ಪುಷ್ಪಾ.

ಶಂಕರನಾರಾಯಣ ಮೇಷ್ಟ್ರು ನೋಟ್ಸ್ ಹೇಳುವುದನ್ನು ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದರು. ಇಂಗ್ಲಿಷಿಗೆ ಬಂದ ಹಳೆಯ ಜರ್ಮನ್ ಕಥನಗೀತೆ ಅದು. ಮನೆಯವರ ಮಾತು ಮೀರಿ ಮದುವೆಯಾದ ಮಗಳು ಅಪ್ಪನ ಬಾಗಿಲು ಬಡಿಯುತ್ತಾಳೆ. “ಯಾರದು?” ಎಂದು ಅಪ್ಪ ಒಳಗಿನಿಂದ ಕೇಳುತ್ತಾನೆ. “ನಾನಪ್ಪಾ, ನಾನು.” ಅವನು ತೆಗೆಯುವುದಿಲ್ಲ. ಮೂರು ಪದ್ಯಗಳಲ್ಲೂ ಇದೇ. ನಾಲ್ಕನೆಯದರಲ್ಲಿ ಬರೀ ಗಾಳಿ, ಒಲೆಯ ಬೂದಿ. ಇದರ ಥೀಮ್ ಮನೆತನದ ಮಾನ ಎಂದು ಮೇಷ್ಟ್ರು ಶಿವಮೊಗ್ಗದ ಈ ಕಾಲೇಜಿಗೆ ಬಂದಾಗಿನಿಂದ ಬರೆಸುತ್ತಿದ್ದರು. ಮಕ್ಕಳು ಬರೆಯುತ್ತಿದ್ದರು, ಪಾಸಾಗುತ್ತಿದ್ದರು. ಯಾರಿಗೂ ಯಾವ ತಕರಾರೂ ಇರಲಿಲ್ಲ.

“ಅಲ್ಲಿ ರಿಪಿಟಿಷನ್ ಮುರಿಯುತ್ತೆ, ಅಷ್ಟೇ. ಅದು ಫಾರ್ಮಿನ ವಿಷಯ. ಬರ್ಕೋ.”

“ಅದಲ್ಲ ಸರ್. ಅಪ್ಪ ಕಾಯ್ತಾ ಕೂತಿದಾನೆ. ಮಾನ ಏನೋ ಉಳೀತು, ಬಡಿಯೋರೇ ಇಲ್ಲ. ಅದೇ ಥೀಮ್ ಅಲ್ವಾ?”

“ಹಾಗೆ ಬರೆದ್ರೆ ಮಾರ್ಕ್ಸ್ ಬರಲ್ಲ ಮಾರಾಯ್ತಿ.”

ತರಗತಿ ನಕ್ಕಿತು. ಮೇಷ್ಟ್ರು ಮಾತ್ರ ನಾಲ್ಕನೆಯ ಪದ್ಯವನ್ನು ಇನ್ನೊಮ್ಮೆ ಓದಿಕೊಂಡರು.

ಗೋಪಾಳ ಬಡಾವಣೆಯ ತಮ್ಮ ಮನೆಗೆ ಬಂದರೂ ಅದೇ ಗುಂಗು. ಮಗಳು ಚೈತನ್ಯಾ ಬೇರೆ ಜಾತಿಯ ನವೀನನನ್ನು ಮದುವೆಯಾಗಿ ಭದ್ರಾವತಿಯ ಜನ್ನಾಪುರ ಸೇರಿದ ಮೇಲೆ ಪ್ರತಿ ಭಾನುವಾರ ಅಪ್ಪನಿಗೆ ಫೋನ್ ಮಾಡುತ್ತಿದ್ದಳು. ಈ ಮಹಾಶಯರು ಅವಳ ಹೆಸರು ನೋಡುತ್ತ, ರಿಂಗಾಗಿ ನಿಲ್ಲುವವರೆಗೂ ಫೋನನ್ನು ಕೈಯಲ್ಲೇ ಹಿಡಿದು ಕೂರುತ್ತಿದ್ದರು. ಎತ್ತುತ್ತಿರಲಿಲ್ಲ. ಅಂಥ ಬಿಗುಮಾನ.

“ಈ ಭಾನುವಾರ ಅವಳ ಫೋನ್ ಬರ್ಲಿಲ್ಲ,” ಎಂದರು.

“ಇನ್ನು ಬರಲ್ಲ,” ಎಂದರು ಹೆಂಡತಿ ಸತ್ಯಭಾಮಾ, ಕಾಫಿ ಲೋಟ ಮುಂದಿಟ್ಟು. “‘ಅಪ್ಪಂಗೆ ಇನ್ನು ಮಾಡಲ್ಲಮ್ಮ, ಸಾಕಾಯ್ತು’ ಅಂದ್ಲು. ನಿಮಗೆ ಬೇಕಾಗಿದ್ದೂ ಅದೇ ತಾನೆ?”

ಮೇಷ್ಟ್ರಿಗೆ ಭಯವಾಯಿತು. ಕಾಫಿ ಮುಟ್ಟದೆ ಚಪ್ಪಲಿ ಮೆಟ್ಟಿ ಹೊರಟು ಭದ್ರಾವತಿ ಬಸ್ಸು ಹತ್ತಿದರು.

ಜನ್ನಾಪುರದಲ್ಲಿ ಇಳಿದು, ಅವರಿವರನ್ನು ಕೇಳಿ ಮನೆ ಹುಡುಕುವಷ್ಟರಲ್ಲಿ ಬೀದಿದೀಪ ಹತ್ತಿತ್ತು. ಒಳಗೆ ಮಿಕ್ಸಿ ತಿರುಗುತ್ತಿತ್ತು. ಅದು ನಿಲ್ಲುವವರೆಗೂ ಕಾದು ಬಾಗಿಲು ಬಡಿದರು.

“ಯಾರದು?” ಚೈತನ್ಯಾಳ ದನಿ.

“ನಾನಮ್ಮಾ, ನಾನು.”

ಬಾಗಿಲ ಕೆಳಗಿನ ಬೆಳಕಿನ ಗೆರೆಯಲ್ಲಿ ಎರಡು ಪಾದಗಳ ನೆರಳು ಬಂದು ನಿಂತಿತು. ಚಿಲಕ ಅಲುಗಲಿಲ್ಲ. ಮೇಷ್ಟ್ರು ಮತ್ತೊಮ್ಮೆ ಬಡಿಯಲು ಕೈಯೆತ್ತಿದರು.