ಇದೇ ಕೊನೇ ಬಾಟ್ಲಿ

ದಾವಣಗೆರೆಯ ಸರಸ್ವತಿ ನಗರದಲ್ಲಿ ನಮ್ಮ ಮನೆಗೂ ಕೆಂಚವೀರಪ್ಪನವರ ಮನೆಗೂ ನಡುವೆ ಎದೆಯೆತ್ತರದ ಗೋಡೆಯೊಂದೇ ಅಡ್ಡ. ಬೆಳಿಗ್ಗೆ ನಾನು ಪಾಠ ಹೇಳಲು ಶಾಲೆಗೆ ಹೊರಡುವ ಮೊದಲು, ಪೂಜೆ ಮುಗಿಸಿ ವಿಭೂತಿ ಧರಿಸಿದ ನಿರ್ಮಲಮ್ಮ ಆ ಗೋಡೆಯ ಹತ್ತಿರ ಬಂದು ನಿಲ್ಲುತ್ತಿದ್ದರು. ಬಿಸಿ ರೊಟ್ಟಿಯೋ ಶೇಂಗಾ ಚಟ್ನಿಯೋ ಈ ಕಡೆ ಬರುತ್ತಿತ್ತು. ನಮ್ಮ ಗಿಡದ ಕರಿಬೇವು ಆ ಕಡೆ ಹೋಗುತ್ತಿತ್ತು. ಗಂಡ ಕೆಂಚವೀರಪ್ಪನವರದು ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಮಂಡಿ. ಒಬ್ಬಳೇ ಮಗಳು ರೂಪಶ್ರೀ ಬಿ.ಕಾಂ. ಓದುತ್ತಿದ್ದಳು. ನೆಮ್ಮದಿಯ ಸಂಸಾರ.

ದಾವಣಗೆರೆ ಜಿಲ್ಲೆಯಾದ ಮರುವರ್ಷ, ಯುಗಾದಿಯ ಹೊತ್ತಿಗೆ, ನಿರ್ಮಲಮ್ಮನ ಹೊಟ್ಟೆ ಊದಿಕೊಂಡಿತು. ಆಪರೇಷನ್ ಆಯಿತು.

"ಗರ್ಭಕೋಶದಾಗ ಗಡ್ಡೆ ಇತ್ತಂತೆ ಟೀಚರ್, ತೆಗೆದ್ರು" ಎಂದರು ನಿರ್ಮಲಮ್ಮ ಮನೆಗೆ ಬಂದ ಮೇಲೆ. "ಮೈಗೆ ಶಕ್ತಿ ಬರಬೇಕಲ್ಲ, ಅದಕ್ಕೆ ಒಂದೆರಡು ಬಾಟ್ಲಿ ಔಷಧಿ ಏರಿಸ್ತಾರಂತೆ."

ಒಂದಾಯಿತು, ಎರಡಾಯಿತು. ಮೂರು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಬಂದವರು ವಾರವಿಡೀ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ವಾಂತಿ, ಬಾಯಿಹುಣ್ಣು, ಒಗ್ಗರಣೆಯ ವಾಸನೆ ಬಂದರೂ ಹೊಟ್ಟೆ ತೊಳಸುತ್ತಿತ್ತು. ಮಂಡಿ ಮುಟ್ಟುತ್ತಿದ್ದ ಕೂದಲು ದಿಂಬಿನ ಮೇಲೆ ಉದುರಿತು. ಅದು ಮೈಯ ಉಷ್ಣ ಎಂದರು ಮನೆಯವರು. ಪ್ರತಿ ಸಲವೂ ಕೆಂಚವೀರಪ್ಪ ಹೆಂಡತಿಯ ಕೈ ಸವರುತ್ತ, "ಇದೇ ಕೊನೇ ಬಾಟ್ಲಿ ಕಣೆ, ಇನ್ನ ಇಲ್ಲ" ಎನ್ನುತ್ತಿದ್ದರು. ಆಕೆ ನಂಬುತ್ತಿದ್ದರು. ಒಮ್ಮೆಯಂತೂ ಕೊನೆಯದು ಮುಗಿಯಿತೆಂದು ಗೋಧಿ ಹುಗ್ಗಿ ಮಾಡಿಸಿ ಓಣಿಗೆಲ್ಲ ಹಂಚಿದರು. ಮೂರು ವಾರ ಕಳೆದ ಮೇಲೆ ಮತ್ತೆ ಆಟೋ ಬಂದು ಬಾಗಿಲಲ್ಲಿ ನಿಂತಿತು.

ಅಂದು ಗೋಡೆಯ ಬಳಿ ನಿಂತ ಅವರ ಕಣ್ಣು ನೋಡಲಾಗಲಿಲ್ಲ. "ಇನ್ನೆಷ್ಟು ಅಂತಾರ್ರೀ ಟೀಚರ್? ನಿಮಗೇನಾದ್ರೂ ಗೊತ್ತಾ?"

ನನಗೆ ಗೊತ್ತಿರಲಿಲ್ಲ. ಆ ಸಂಜೆ ರೂಪಶ್ರೀ ಬಂದು ನಮ್ಮ ಅಡುಗೆಮನೆಯಲ್ಲಿ ಕುಸಿದು ಕೂತಳು. "ಅಮ್ಮಗೆ ಕ್ಯಾನ್ಸರ್ ಟೀಚರ್. ಹೊಟ್ಟೆ ತುಂಬ ಹಬ್ಬೈತಂತೆ. ಅಮ್ಮಗೂ ಹೇಳಂಗಿಲ್ಲ, ಹೊರಗೂ ಹೇಳಂಗಿಲ್ಲ ಅಂತ ದೊಡ್ಡಪ್ಪ ಆಣೆ ಹಾಕಿಸ್ಯಾರೆ."

ದೊಡ್ಡಪ್ಪ ಎಂದರೆ ಕೆಂಚವೀರಪ್ಪನವರ ಅಣ್ಣ, ಹರಿಹರದ ಹಾಲೇಶಪ್ಪ. ಆ ಮನೆತನದಲ್ಲಿ ಅವರ ಮಾತೇ ಕೊನೆ. ಮರುದಿನ ಅವರು ತಮ್ಮನ ಮನೆಗೆ ಬಂದಾಗ ನಾನೇ ಹೋಗಿ ಕೇಳಿದೆ.

"ಟೀಚರ್, ನೀವು ಓದಿದೋರು. ಹೆಸರು ಕೇಳಿದ್ರೆ ಸಾಕು, ಎದೆ ಒಡೆದು ಸಾಯ್ತಾಳೆ ಆಕೆ" ಎಂದರು ಹಾಲೇಶಪ್ಪ.

"ಏನಾಗೈತಿ ಅಂತ ತಿಳೀದೆ ದಿನಾ ಹೆದರ್ತಾ ಇದಾರಲ್ರಿ, ಅದು ಸಾಯೋದಲ್ವಾ? ಔಷಧಿ ಯಾಕ, ಎಲ್ಲೀತನಕ ಅಂತ ತಿಳಿದ್ರೆ ಅವರೂ ಗಟ್ಟಿ ಆಗ್ತಾರೆ."

"ಮನಿಯಾಗ ಬೆಳೆದ ಹುಡುಗಿ ಐತೆ. ತಾಯಿಗೆ ಇಂಥ ರೋಗ ಅಂದ್ರೆ ಯಾರು ಮಾಡ್ಕೋತಾರೆ ಹೇಳ್ರಿ? ಹರಿಹರದಾಗ ಒಳ್ಳೇ ಸಂಬಂಧ ನೋಡೀನಿ. ನಮ್ಮ ಮನಿ ವಿಷಯ ನಮಗೆ ಬಿಡ್ರಿ."

ಕೆಂಚವೀರಪ್ಪ ತಲೆ ತಗ್ಗಿಸಿ ಕುಳಿತಿದ್ದರು. ಅವರು ಕೆಟ್ಟವರಲ್ಲ, ಹೆಂಡತಿಯ ಮೇಲೆ ಜೀವವನ್ನೇ ಇಟ್ಟವರು. ಆದರೆ ಹಿರಿಯರ ಎದುರು ಬಾಯಿ ಬಿಡುವುದು ಅವರಿಗೆ ಅಭ್ಯಾಸವಿರಲಿಲ್ಲ.

ಶ್ರಾವಣ ಬಂತು. ಆಸ್ಪತ್ರೆಯಿಂದ ಬಂದು ಹತ್ತು ದಿನವಾಗಿತ್ತೇನೋ, ಸೋಮವಾರ ನಿರ್ಮಲಮ್ಮ ನೀರನ್ನೂ ಮುಟ್ಟದೆ ಉಪವಾಸ ಹಿಡಿದರು. ಬೆಳಗಿನಿಂದಲೇ ಮೈ ಬೆಚ್ಚಗಿತ್ತು. ಯಾರಿಗೂ ಹೇಳಲಿಲ್ಲ. ಮಧ್ಯಾಹ್ನಕ್ಕೆ ನಡುಕ ಹತ್ತಿದಾಗ ಹೊದಿಕೆ ಎಳೆದುಕೊಂಡು ಮಲಗಿದರು. ಸಂಜೆ ಕಾಲೇಜಿನಿಂದ ಬಂದ ರೂಪಶ್ರೀ ಕೂಗಿದ ಕೂಗಿಗೆ ನಾನು ಓಡಿದೆ. ಮೈ ಕೆಂಡವಾಗಿತ್ತು, ಮಾತು ತೊದಲುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ರವಿಚಂದ್ರ ಕೆಂಚವೀರಪ್ಪನವರ ಮೇಲೆ ಸಿಟ್ಟಾದರು. "ಈ ಔಷಧಿಗೆ ಬಿಳಿ ರಕ್ತಕಣ ಇಳಿದುಹೋಗ್ತವೆ. ಸ್ವಲ್ಪ ಜ್ವರ ಬಂದ್ರೂ ತಕ್ಷಣ ಕರ್ಕೊಂಡು ಬರಬೇಕು ಅಂತ ಎಷ್ಟು ಸಲ ಹೇಳಿದೀನಿ? ಆಕೆಗೆ ತಿಳಿಸಿರಲಿಲ್ವಾ?"

ಏನೆಂದು ತಿಳಿಸುತ್ತಾರೆ? ಜ್ವರದ ಮಾತು ಹೇಳಿದರೆ ಔಷಧಿಯದು ಹೇಳಬೇಕು, ಔಷಧಿಯದು ಹೇಳಿದರೆ ರೋಗದ್ದು ಹೇಳಬೇಕು. ಒಂದು ಹೆಸರನ್ನು ಮುಚ್ಚಲು ಹೋಗಿ, ಆಕೆಯ ಜೀವ ಉಳಿಸಬೇಕಾಗಿದ್ದ ಮಾತನ್ನೂ ಆ ಮನೆ ಮುಚ್ಚಿಟ್ಟಿತ್ತು.

ಬದುಕುವುದೇ ಅನುಮಾನವಾಗಿತ್ತು. ಅಂತೂ ಜ್ವರ ಇಳಿಯಿತು, ಮನೆಗೂ ಬಂದರು. ಮೈ ಚೇತರಿಸಿದ ಮೇಲೆ ಮುಂದಿನ ಬಾಟಲಿಗೆ ಕರೆದೊಯ್ದಾಗ ರೂಪಶ್ರೀಯ ಜೊತೆ ನಾನೂ ಹೋದೆ. ನರ್ಸ್ ಸೂಜಿ ಹಿಡಿದು ಬಂದಳು. ನಿರ್ಮಲಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ಇದೇ ಕೊನೇ..." ಎಂದು ಕೆಂಚವೀರಪ್ಪ ಶುರು ಮಾಡಿದರು.

"ಬ್ಯಾಡ್ರಿ. ಆ ಮಾತು ಆಡಬ್ಯಾಡ್ರಿ. ನನಗೇನಾಗೈತೆ ಅಂತ ಹೇಳ್ರಿ, ಆಮೇಲೆ ಕೈ ಕೊಡ್ತೀನಿ."

ಕೆಂಚವೀರಪ್ಪ ಗೋಡೆಗೆ ಮುಖ ಮಾಡಿ ಅಳತೊಡಗಿದರು. ರೂಪಶ್ರೀ ಹಾಸಿಗೆಯ ಅಂಚಿನಲ್ಲಿ ಕುಳಿತು, ತಾಯಿಯ ಎರಡೂ ಕೈ ಹಿಡಿದು ಹೇಳಿಬಿಟ್ಟಳು.

ನಿರ್ಮಲಮ್ಮ ಎದೆ ಒಡೆದು ಸಾಯಲಿಲ್ಲ. ಸೆರಗಿನಿಂದ ಮಗಳ ಕಣ್ಣೊರೆಸಿದರು. ಆಮೇಲೆ, "ಡಾಕ್ಟ್ರನ್ನ ಕರೀರಿ" ಎಂದರು.

ರವಿಚಂದ್ರ ಬಂದು ಸ್ಟೂಲಿನ ಮೇಲೆ ಕುಳಿತರು.

"ಇನ್ನೆಷ್ಟು ಬಾಟ್ಲಿ ಐತ್ರಿ ಡಾಕ್ಟ್ರೇ?"

"ಇಷ್ಟೇ ಅಂದ್ರೆ ಸುಳ್ಳು ಹೇಳಿದ ಹಾಗಾಗುತ್ತೆ ಅಮ್ಮಾ. ಪೂರ್ತಿ ವಾಸಿಯಾಗುತ್ತೆ ಅಂತಲೂ ಹೇಳಲಾರೆ. ಸದ್ಯ ಔಷಧಿಗೆ ಕಾಯಿಲೆ ಕುಗ್ತಾ ಇದೆ. ಎಲ್ಲೀವರೆಗೆ ಕುಗ್ಗುತ್ತೋ, ಎಲ್ಲೀವರೆಗೆ ನಿಮ್ಮ ಮೈ ತಡೆಯುತ್ತೋ ಅಲ್ಲೀವರೆಗೆ ಕೊಡೋಣ. ನಡುವೆ ಸ್ಕ್ಯಾನ್ ಮಾಡಿ ನೋಡೋಣ. ಚೆನ್ನಾಗಿದ್ರೆ ಕೆಲವು ತಿಂಗಳು ಬಿಡುವು ಕೊಡಬಹುದು. ಔಷಧಿ ನಾಟ್ತಾ ಇಲ್ಲ ಅಂದ್ರೆ ಬೇರೆ ನೋಡೋಣ, ಇಲ್ಲ ನಿಲ್ಲಿಸೋಣ."

"ಅಂದ್ರೆ ನಿಮಗೂ ಗೊತ್ತಿಲ್ಲ."

"ಗೊತ್ತಿಲ್ಲ ಅಮ್ಮಾ."

ನಿರ್ಮಲಮ್ಮ ಗಂಡನ ಕಡೆ ತಿರುಗಿದರು. "ಇದನ್ನ ಮೊದ್ಲೇ ಹೇಳಬಾರದಿತ್ತೇನ್ರಿ? ಪ್ರತಿ ಸರ್ತಿ ಕೊನೇದು ಅಂತಿದ್ರಿ, ಮತ್ತೆ ಕರ್ಕೊಂಡು ಬರ್ತಿದ್ರಿ. ನನ್ನ ಪೂಜಿಯಾಗೇ ಏನೋ ತಪ್ಪಾಗೈತೆ, ಶಿವ ಮುನಿಸಿಕೊಂಡಾನೆ ಅಂದ್ಕೊಂಡೆ. ಅದಕ್ಕೇ ನೀರನ್ನೂ ಬಿಟ್ಟು ಉಪವಾಸ ಮಾಡಿದೆ."

ಕೆಂಚವೀರಪ್ಪ ಹಣೆ ಹಣೆ ಬಡಿದುಕೊಂಡರು. ನಿರ್ಮಲಮ್ಮ ನರ್ಸಿನತ್ತ ಕೈ ಚಾಚಿದರು.

ಅಷ್ಟರಲ್ಲಿ ಹರಿಹರದ ಸಂಬಂಧ ಮಾತುಕತೆಗೆ ಬಂದಿತ್ತು. ಹುಡುಗ ಕೊಟ್ಟೂರೇಶ್ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ತಂದೆ ರುದ್ರಮುನಿ ಊರಿನಲ್ಲಿ ನಾಲ್ಕು ಜನ ಎದ್ದು ಕೈ ಮುಗಿಯುವಂಥವರು. ಹುಡುಗಿಯನ್ನೂ ಕರೆದುಕೊಂಡು ಬನ್ನಿ ಎಂದು ಅವರೇ ಹೇಳಿ ಕಳಿಸಿದ್ದರು. ತಾವೂ ಬರುವುದಾಗಿ ನಿರ್ಮಲಮ್ಮ ಹಟ ಹಿಡಿದರು, ನನ್ನನ್ನೂ ಕರೆದರು. ರುದ್ರಮುನಿಯವರ ಪಡಸಾಲೆಯಲ್ಲಿ ಮಂಡಕ್ಕಿ ಖಾರ ತಿಂದು, ಚಹಾ ಕುಡಿದದ್ದಾಯಿತು. ಹಾಲೇಶಪ್ಪ ಕೆಮ್ಮಿ ಸನ್ನೆ ಮಾಡುತ್ತಿದ್ದರೂ ನಿರ್ಮಲಮ್ಮ ತಲೆಯ ಮೇಲಿನ ಸೆರಗು ಸರಿಸಿದರು. ಬೋಳಾದ ತಲೆ ಎಲ್ಲರಿಗೂ ಕಂಡಿತು.

"ನನಗೆ ಕ್ಯಾನ್ಸರ್ ಐತ್ರಿ. ಔಷಧಿ ನಡೆದೈತೆ. ಎಷ್ಟು ದಿನ ನಡೀತೈತೋ ಡಾಕ್ಟ್ರಿಗೂ ಗೊತ್ತಿಲ್ಲ. ಮುಚ್ಚಿಟ್ಟು ಮಗಳನ್ನ ಕೊಡೋಕೆ ಮನಸ್ಸಿಲ್ಲ, ಅದಕ್ಕೇ ಹೇಳಿದೆ."

ರುದ್ರಮುನಿ ಎದ್ದು ಒಳಗೆ ಹೋದರು. ಒಳಗಿನ ಪಿಸುಮಾತು ಕೇಳುತ್ತಿತ್ತು, ಅರ್ಥವಾಗುತ್ತಿರಲಿಲ್ಲ. ರೂಪಶ್ರೀ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಕೊನೆಗೆ ರುದ್ರಮುನಿ ಹೊರಗೆ ಬಂದು ನಿಧಾನವಾಗಿ ಕುಳಿತರು.

"ಹುಡುಗಿ ನಮಗೆ ಒಪ್ಪಿಗೆ ಐತೆ. ಆದ್ರೆ ಹಾಲೇಶಪ್ಪನವರೇ, ಈ ಮಾತು ಈ ಪಡಸಾಲಿ ದಾಟಬಾರದು. ಮಾಗಿಯಾಗ ಮುಹೂರ್ತ ಇಡೋಣ. ಅಲ್ಲೀತನಕ ಆಸ್ಪತ್ರಿ ನಿಲ್ಲಿಸ್ರಿ, ತಲಿಮ್ಯಾಲೆ ಕೂದಲು ಬರಲಿ. ಮದುವಿಯಾಗ ನಾಲ್ಕು ಜನ ನೋಡಿ ಕೇಳಬಾರದು ನೋಡ್ರಿ. ಆಮೇಲೆ ಬೇಕಾದ್ರೆ ಮತ್ತೆ ಶುರು ಮಾಡ್ರಿ."

ಹಾಲೇಶಪ್ಪನವರ ಮುಖ ಅರಳಿತು. "ದೇವರಂಥ ಮಾತು ಆಡಿದ್ರಿ! ಆತು ಬಿಡ್ರಿ, ಹಂಗೇ ಮಾಡೋಣ."

ನನಗೆ ಭಯವಾದದ್ದು ಆಗ ನಿರ್ಮಲಮ್ಮನ ಮುಖ ನೋಡಿ. ಆಕೆ ಒಪ್ಪಿಕೊಳ್ಳುತ್ತಿದ್ದರು. "ಎಷ್ಟು ದಿನ ಅಂತ ಹೆಂಗೂ ಗೊತ್ತಿಲ್ಲ" ಎಂದು ನನ್ನ ಕಿವಿಯಲ್ಲಿ ಹೇಳಿದರು. "ನಾಲ್ಕು ತಿಂಗಳು ಬಿಟ್ರೆ ಏನಾತು ಟೀಚರ್? ಇವಳದೊಂದು ದಡ ಮುಟ್ಟಿದ್ರೆ ಸಾಕು."

"ಆಗಲ್ರಿ" ಎಂದಳು ರೂಪಶ್ರೀ.

ಎದ್ದು ನಿಂತಿದ್ದಳು. "ಔಷಧಿ ನಿಲ್ಲಿಸಿದ್ರೆ ಅಮ್ಮನ ಹೊಟ್ಟಿಯಾಗಿಂದು ಮುಹೂರ್ತ ನೋಡ್ಕೊಂಡು ಕೂಡ್ರಲ್ಲ. ಅಮ್ಮನ ಬದುಕು ಒತ್ತೆ ಇಟ್ಟು ಮದುವಿ ಮಾಡ್ಕೊಳ್ಳೋದು ನನಗೆ ಬ್ಯಾಡ. ಬೋಳುತಲೆ ಅಮ್ಮನ್ನ ನಿಮ್ಮ ಮದುವಿ ಚಪ್ಪರದಾಗ ಕೂಡ್ರಿಸೋಕೆ ನಾಚಿಕೆ ಅಂದ್ರೆ ನಾನು ಈ ಮನೀಗೆ ಬರಲ್ಲ."

"ಹುಡುಗಿ! ಬಾಯಿ ಮುಚ್ಚು" ಎಂದು ಗುಡುಗಿದರು ಹಾಲೇಶಪ್ಪ. "ಕೆಂಚವೀರ, ಏನು ನೋಡ್ತಾ ಕುಂತೀಯ? ಹೇಳು ಆಕೆಗೆ!"

ಕೆಂಚವೀರಪ್ಪ ಎದ್ದರು. ಹೆಂಡತಿಯ ತಲೆಯ ಮೇಲೆ ತಾವೇ ಸೆರಗು ಹೊದಿಸಿದರು. "ಆಕಿ ಹೇಳಿದ್ದು ಸರಿ ಐತೆ ಅಣ್ಣ. ಏನೂ ತಿಳಿಸದೆ ಇಟ್ಟು ಶ್ರಾವಣದಾಗ ಇವಳನ್ನ ಕೊಂದೇ ಬಿಡ್ತಿದ್ದೆ. ಇನ್ನೊಮ್ಮೆ ನನ್ನ ಕೈಲಿ ಆಗಲ್ಲ." ರುದ್ರಮುನಿಯವರಿಗೆ ಕೈ ಮುಗಿದು ಹೊರನಡೆದರು.

ಕಾರಿನಲ್ಲಿ ನಿರ್ಮಲಮ್ಮ ಮಗಳನ್ನು ಬೈದರು, ಅತ್ತರು. ಕೊನೆಗೆ ಅವಳ ಹೆಗಲಿಗೇ ಒರಗಿ ನಿದ್ದೆಹೋದರು. ಹಾಲೇಶಪ್ಪ ಆಮೇಲೆ ವರ್ಷಗಟ್ಟಲೆ ತಮ್ಮನ ಹೊಸ್ತಿಲು ತುಳಿಯಲಿಲ್ಲ.

ಔಷಧಿ ನಡೆಯಿತು. ಚಳಿಗಾಲದಲ್ಲಿ ಡಾಕ್ಟರು ಬಿಡುವು ಕೊಟ್ಟರು; ಆಗ ನಿರ್ಮಲಮ್ಮ ಎಳೆಯ ಕೂದಲು ಬಂದ ತಲೆಗೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂರುತ್ತಿದ್ದರು. ಮತ್ತೆ ಶುರುವಾಯಿತು. ಪ್ರತಿ ಸ್ಕ್ಯಾನಿನ ಮುಂಚಿನ ದಿನಗಳಲ್ಲಿ ಮನೆಯೆಲ್ಲ ಉಸಿರು ಬಿಗಿಹಿಡಿಯುತ್ತಿತ್ತು. ಆದರೆ ಈಗ ಅವರು ಒಬ್ಬರೇ ಹೆದರಬೇಕಿರಲಿಲ್ಲ. ಮೈ ಬೆಚ್ಚಗಾದರೆ ತಾವೇ ಮೊದಲು ಹೇಳುತ್ತಿದ್ದರು. ಮುಂದಿನ ವರ್ಷ ಔಷಧಿ ನಾಟದೇ ಹೋದಾಗ, ಇನ್ನು ಸಾಕು ಎಂದು ನಿರ್ಧರಿಸಿದವರೂ ಅವರೇ. ದೀಪಾವಳಿ ಕಳೆದ ಮೇಲೆ, ತಮ್ಮ ಮಂಚದಲ್ಲೇ, ಗಂಡನ ಕೈಯಿಂದ ನೀರು ಕುಡಿದು ಲಿಂಗೈಕ್ಯರಾದರು.

ನೋಡಲು ಬಂದವರು ಬಾಗಿಲಲ್ಲಿ ನಿಂತು ದನಿ ತಗ್ಗಿಸಿ ಕೇಳುತ್ತಿದ್ದರು: "ಏನಾಗಿತ್ರಿ?"

"ಕ್ಯಾನ್ಸರ್" ಎನ್ನುತ್ತಿದ್ದರು ಕೆಂಚವೀರಪ್ಪ, ಎಲ್ಲರಿಗೂ ಕೇಳುವಂತೆ. ಕೆಲವರು ಹಿಂದೆ ಸರಿದರು. ಮಂಡಿಯಲ್ಲಿ ಮೂಟೆ ಹೊರುವ ವಿನೋಬನಗರದ ಗುತ್ತೆಪ್ಪ ಮಾತ್ರ ಎಲ್ಲರೂ ಹೋದ ಮೇಲೂ ಹೋಗದೆ ಚಪ್ಪರದ ಕಂಬ ಹಿಡಿದು ನಿಂತಿದ್ದ.

"ಸಾವ್ಕಾರ್ರೇ" ಎಂದ. "ನಮ್ಮಾಕಿಗೆ ಎದಿಯಾಗೊಂದು ಗಂಟು ಐತ್ರಿ. ಯಾರಿಗೂ ಹೇಳಬ್ಯಾಡ ಅಂತಾಳೆ. ಯಾವ ಡಾಕ್ಟ್ರ ಹತ್ರ ಹೋಗ್ಲಿ?"

ಕೆಂಚವೀರಪ್ಪ ಕಣ್ಣೊರೆಸಿಕೊಂಡು, ಚಪ್ಪಲಿ ಮೆಟ್ಟಿದರು. "ನಿಮ್ಮ ಮನೀಗೆ ನಡಿ. ಮೊದ್ಲು ಆಕಿ ಹತ್ರ ಮಾತಾಡೋಣ."