ಅಂಗಳದ ಹಂದಿ

ಜೂನ್ ತಿಂಗಳು, ಗುಡ್ಡದ ಕಾಫಿಯೆಲ್ಲ ಒಟ್ಟಿಗೇ ಕೆಂಪಾಗಿತ್ತು. ವಿಧವೆ ಬೆನ್ವಿಂದ ತನ್ನ ತೋಟದಲ್ಲಿ ಟೊಂಗೆಯೊಂದನ್ನು ಬಲ ಮೊಣಕೈಯಿಂದ ಒತ್ತಿ ಹಿಡಿದು ಎಡಗೈಯಲ್ಲಿ ಹಣ್ಣು ಬಿಡಿಸುತ್ತಿದ್ದಳು. ಬಲಗೈಯ ಮಣಿಕಟ್ಟು ಮುರಿದು ಕೂಡಿಕೊಂಡಿತ್ತು, ಆದರೆ ಓರೆಯಾಗಿ. ಅಕ್ಕಪಕ್ಕದ ತೋಟದವರು ಆಗಲೇ ಎರಡನೆಯ ಚೀಲಕ್ಕೆ ಬಾಯಿ ಕಟ್ಟುತ್ತಿದ್ದರೆ ಅವಳ ಬುಟ್ಟಿಯ ತಳ ಇನ್ನೂ ಕಾಣುತ್ತಿತ್ತು.

ಈಸ್ಟರ್ ಕಳೆದ ಮೇಲೆ ನಡೆದದ್ದು ಅದು. ತೋಟದ ಗಡಿಯ ನೆರಳು ಮರವೊಂದನ್ನು ಅವಳ ಸತ್ತ ಗಂಡನ ತಮ್ಮ ಅಬಿಲಿಯೊ ಕಡಿಯಲು ಬಂದಿದ್ದ. ಅಡ್ಡ ನಿಂತವಳ ಕೈಗೆ ಮಚ್ಚಿನ ಹಿಡಿಯಿಂದ ಹೊಡೆದ. ಕೈ ಕಟ್ಟಿದ ದಾದಿ ಪೊಲೀಸರಿಗೆ ತಿಳಿಸಿದಳು, ಮೊಕದ್ದಮೆ ದ್ವೀಪದ ರಾಜಧಾನಿ ದಿಲಿಯ ಕಡೆಗೆ ಹೋಯಿತು. ಇತ್ತ ಊರಿನವರೂ ಸುಮ್ಮನಿರದೆ ರಾಜಿ ಪಂಚಾಯಿತಿಗೆ ಚಾಪೆ ಹಾಸಿದರು. ಹಿರಿಯ ಮಾವ್ ಲೆಕಿ ನಡುವೆ ಕೂತ. ಬೆನ್ವಿಂದಳ ಪರವಾಗಿ ಅವಳ ಅಣ್ಣ ಮಾತಾಡಿದ. ಅಬಿಲಿಯೊ ಒಂದು ಹಂದಿ ಕೊಡಬೇಕೆಂದು ತೀರ್ಮಾನವಾಯಿತು. ಆ ಹಂದಿಯನ್ನು ಕಡಿದು ಎರಡೂ ಮನೆಯವರು ಒಟ್ಟಿಗೆ ಉಂಡರೆ ಜಗಳ ಮುಗಿದಂತೆ. ಆಮೇಲೆ ಆ ಮಾತನ್ನು ಯಾರೂ ಎಲ್ಲಿಯೂ ಎತ್ತುವಂತಿಲ್ಲ. ಹಿರಿಯರ ಆತ್ಮಗಳು ಕೇಳಿಸಿಕೊಳ್ಳುತ್ತವೆ.

ಅಬಿಲಿಯೊ ಹಂದಿಯನ್ನು ತಂದು ಕಟ್ಟಿ ಹೋದ. ಬೆನ್ವಿಂದ ಅದಕ್ಕೆ ದಿನವೂ ಮರಗೆಣಸಿನ ಸಿಪ್ಪೆ ಹಾಕಿದಳು, ನೀರಿಟ್ಟಳು. ಕಡಿಯಲಿಲ್ಲ.

ಮಧ್ಯಾಹ್ನ ಮಾವ್ ಲೆಕಿ ಕೋಲೂರಿಕೊಂಡು ತೋಟಕ್ಕೇ ಬಂದ.

"ಏನಮ್ಮಾ, ಹಂದಿಗೆ ಮದುವೆ ಗಿದುವೆ ಮಾಡ್ತೀಯೋ ಹೇಗೆ? ಮದುಮಗಳ ಥರ ಮೈ ಕೈ ತುಂಬ್ಕೊಂಡಿದೆ."

"ವರ ಸಿಗ್ಲಿಲ್ಲ ಮಾವ. ನೀವು ಒಪ್ಪೋದಾದ್ರೆ ಹೇಳಿ."

ಮುದುಕ ಎಲೆ ಅಡಿಕೆಯ ಕೆಂಪು ಬಾಯಿ ತೆರೆದು ನಕ್ಕ. ಆಮೇಲೆ ಸ್ವರ ತಗ್ಗಿಸಿದ. "ನಾಳೆ ಕೋರ್ಟಿನ ಗಾಡಿ ಬರುತ್ತಂತೆ. ಇವತ್ತು ಸಂಜೆಗೇ ಅದನ್ನ ಕಡಿಸಿಬಿಡು. ಊರಿನ ಮಾತು ಊರಲ್ಲೇ ಮುಗೀಲಿ."

"ಕಡಿದ್ರೆ ನಾಳೆ ನಾನು ಬಾಯಿ ಬಿಡೋ ಹಾಗಿಲ್ಲ."

"ಯಾಕೆ ಬಿಡ್ಬೇಕು? ಚಾಪೆ ಮೇಲೆ ಎಲ್ಲಾ ಮಾತಾಡಿ ಆಯ್ತಲ್ಲ."

"ನೀವೆಲ್ಲಾ ಮಾತಾಡಿದ್ರಿ ಮಾವ. ನಾನು ಒಳಗೆ ಒಂದೇ ಕೈಲಿ ನಿಮಗೆ ಕಾಫಿ ಕಾಯಿಸ್ತಾ ಇದ್ದೆ."

ಮಾವ್ ಲೆಕಿ ಟೊಂಗೆಯತ್ತ ಕೈ ಚಾಚಿದ. ಕೈಗೆಟಕಿದ ನಾಲ್ಕು ಹಣ್ಣು ಬಿಡಿಸಿ ಅವಳ ಬುಟ್ಟಿಗೆ ಹಾಕಿ ಹೊರಟುಹೋದ.

ಮರುದಿನ ಬಿಳಿ ಗಾಡಿಗಳು ಗುಡ್ಡ ಹತ್ತಿ ಬಂದವು. ಬಾಗಿಲುಗಳ ಮೇಲೆ ಹಣ ಕೊಟ್ಟ ದೇಶಗಳ ಬಾವುಟಗಳಿದ್ದವು. ಪಟ್ಟಣದ ಹಳೆಯ ಕಚೇರಿಯನ್ನು ಸ್ವಾತಂತ್ರ್ಯದ ಗಲಾಟೆಯ ವರ್ಷ ಸುಟ್ಟಿದ್ದರಿಂದ ಇಗರ್ಜಿಯ ಸಭಾಂಗಣವೇ ಕೋರ್ಟಾಯಿತು. ಮೇಜು, ಕುರ್ಚಿ, ವಿದ್ಯುತ್ ಯಂತ್ರ, ನ್ಯಾಯಾಧೀಶನ ಕಪ್ಪು ನಿಲುವಂಗಿ, ಎಲ್ಲವೂ ಗಾಡಿಯಿಂದಲೇ ಇಳಿದವು. ನ್ಯಾಯಾಧೀಶ ಚಿಕ್ಕ ಪ್ರಾಯದವನು, ಹೊರದೇಶದಲ್ಲಿ ಓದಿ ಬಂದವನು. ಅವನು ಕೋರ್ಟಿನ ಭಾಷೆಯಾದ ಪೋರ್ಚುಗೀಸಿನಲ್ಲಿ ಕೇಳುತ್ತಿದ್ದ, ಗುಡ್ಡದ ಭಾಷೆ ಬಲ್ಲ ದುಭಾಷಿ ಊರಿನವರಿಗೆ ತಿಳಿಸುತ್ತಿದ್ದ. ಗೋಡೆಯ ಪಕ್ಕ ವಿದೇಶಿ ಹೆಂಗಸೊಬ್ಬಳು ಕೂತಿದ್ದಳು. ಈ ಕೋರ್ಟನ್ನು ಊರೂರಿಗೆ ತರುವ ಏರ್ಪಾಡು ಅವಳದಂತೆ.

"ಏನು ನಡೆಯಿತೆಂದು ನೀವೇ ಹೇಳಿ," ಎಂದ ದುಭಾಷಿ.

ಬೆನ್ವಿಂದ ಎದ್ದು ನಿಂತಳು. ಮರವನ್ನು ನೆಟ್ಟವರು ಯಾರು ಎಂಬಲ್ಲಿಂದ ಶುರು ಮಾಡಿದಳು. ಗಂಡ ಹೋರಾಟಗಾರರ ಜೊತೆ ಗುಡ್ಡದಲ್ಲಿ ಅಡಗಿದ್ದಾಗ ಹುಡುಗನಾಗಿದ್ದ ಈ ಅಬಿಲಿಯೊಗೆ ತಾನು ತನ್ನ ತಟ್ಟೆಯ ಜೋಳ ಹಾಕಿ ಸಾಕಿದ್ದು, ಹೊಡೆತ ಬಿದ್ದಾಗ ಕೇಳಿದ ಸದ್ದು, ಈಗ ಬೆಳಿಗ್ಗೆ ಜಡೆ ಹೆಣೆದುಕೊಳ್ಳಲು ಪಕ್ಕದ ಮನೆಗೆ ಹೋಗಬೇಕಾಗಿರುವುದು, ಎಲ್ಲವನ್ನೂ ಹೇಳಿದಳು. ದುಭಾಷಿ ನ್ಯಾಯಾಧೀಶನತ್ತ ತಿರುಗಿ ಎರಡು ಸಾಲು ಹೇಳಿದ.

"ಅಷ್ಟೇನಾ?" ಎಂದಳು ಬೆನ್ವಿಂದ.

"ಬೇಕಾದ್ದೆಲ್ಲಾ ಬಂತಮ್ಮ."

ಹಿಂದೆ ಕೂತವರು ನಕ್ಕರು. ಅಬಿಲಿಯೊ ನಗಲಿಲ್ಲ. ತಪ್ಪು ಒಪ್ಪಿಕೊಂಡು, ಟೋಪಿ ತೆಗೆದು ನ್ಯಾಯಾಧೀಶನಿಗೆ ತಲೆಬಾಗಿ ನಿಂತ. ಒಂದು ವರ್ಷದ ಸಜೆ, ಆದರೆ ಮತ್ತೆ ಕೈ ಎತ್ತದಿದ್ದರೆ ಜೈಲಿಗೆ ಹೋಗಬೇಕಾಗಿಲ್ಲ ಎಂದು ತೀರ್ಪಾಯಿತು.

ಹೊರಗೆ ವಿದೇಶಿ ಹೆಂಗಸು ದುಭಾಷಿಯನ್ನು ಕರೆದುಕೊಂಡು ಬೆನ್ವಿಂದಳ ಬಳಿ ಬಂದಳು. "ನಿಮಗೆ ನ್ಯಾಯ ಸಿಕ್ಕಿತು ಅನ್ನಿಸುತ್ತಾ ಅಂತ ಕೇಳ್ತಿದ್ದಾರೆ," ಎಂದ ದುಭಾಷಿ.

ಬೆನ್ವಿಂದ ಅವನತ್ತ ತಿರುಗಿದಳು. "ನನ್ನನ್ನೇ ಕೇಳಿದ್ರಲ್ಲ, ಅದು ಒಳ್ಳೇದಾಯ್ತು ಅಂತ ಹೇಳು. ಉಳಿದದ್ದು ಇನ್ನೂ ಗೊತ್ತಿಲ್ಲ. ಪಾಪ, ಅವರು ಊಟ ಮಾಡಿದ್ರಾ ಕೇಳು."

ಸಂಜೆ ಅಬಿಲಿಯೊ ಅಂಗಳಕ್ಕೆ ಬಂದ. ನೇರವಾಗಿ ಹಂದಿಯ ಗೂಟದ ಬಳಿ ಹೋಗಿ ಹಗ್ಗಕ್ಕೆ ಕೈ ಹಾಕಿದ.

"ಇದೇನು ಮಾಡ್ತಿದ್ದೀಯಾ?"

"ಕೋರ್ಟ್ ತೀರ್ಪು ಕೊಡ್ತಲ್ಲ ಅತ್ತಿಗೆ. ಒಂದು ತಪ್ಪಿಗೆ ಎರಡೆರಡು ಸಲ ತೆರಬೇಕಾ? ನೀವೇ ಕಡಿಯದೆ ಇಟ್ಕೊಂಡ್ರಿ."

"ಕೋರ್ಟಿಗೆ ಕೊಡಬೇಕಾದ್ದು ನೀನು ಕೋರ್ಟಿಗೆ ಕೊಟ್ಟೆ. ನಂಗೇನು ಕೊಟ್ಟೆ?"

ಅವನು ಗಂಟು ಬಿಚ್ಚುತ್ತಲೇ ಇದ್ದ. ಬೆನ್ವಿಂದ ಮೆಟ್ಟಿಲ ಮೇಲೆ ಕೂತಳು.

"ಅಲ್ಲಿ ನಾನು ಹೇಳಿದ್ದು ಕೇಳಿಸ್ತಾ ನಿಂಗೆ?"

ಅವನ ಕೈ ನಿಂತಿತು. "ಕೇಳಿಸ್ತು."

"ದುಭಾಷಿ ಹೇಳಿದ್ದಾ?"

"ಅವನು ಹೇಳಿದ್ದು ಯಾರಿಗೆ ಅರ್ಥ ಆಗುತ್ತೆ, ಅತ್ತಿಗೆ? ನೀವು ಹೇಳಿದ್ದು."

"ಪೂರ್ತಿ?"

"ಜೋಳದ್ದೂ," ಎಂದ ಅಬಿಲಿಯೊ. ಮುಖ ಎತ್ತಲಿಲ್ಲ.

ಕೆಳಗಿನ ದಾರಿಯಲ್ಲಿ ಬಿಳಿ ಗಾಡಿಗಳು ಒಂದರ ಹಿಂದೊಂದು ಇಳಿಯುತ್ತಿದ್ದವು. ಆ ಸದ್ದು ದೂರವಾಯಿತು.

"ಹಾಗಾದ್ರೆ ಹಂದಿ ಇರ್ಲಿ," ಎಂದಳು ಬೆನ್ವಿಂದ. "ಕಡಿಯೋ ದಿನ ನಾನು ಹೇಳಿ ಕಳಿಸ್ತೀನಿ. ಮಾವ್ ಲೆಕಿ ಅಲ್ಲ, ನಾನು."

"ಯಾವಾಗ?"

"ಅದು ನಂಗೂ ಗೊತ್ತಿಲ್ಲ."

ಅಬಿಲಿಯೊ ಗೂಟದ ಬಳಿ ಕುಕ್ಕರುಗಾಲಲ್ಲಿ ಕೂತ. ಆಮೇಲೆ ಸಡಿಲಾಗಿದ್ದ ಹಗ್ಗವನ್ನು ಗೂಟಕ್ಕೆ ಮತ್ತೆ ಸುತ್ತಿ ಎರಡು ಗಂಟು ಹಾಕಿ, ಎಳೆದು ನೋಡಿದ. ಎದ್ದು ಇಳಿಜಾರಿನಲ್ಲಿ ನಡೆದ. ತಿರುವಿನ ಬಳಿ ನಿಂತು ಟೋಪಿ ತೆಗೆದ. ಬೆವರು ಒರೆಸಿಕೊಳ್ಳಲೋ ಏನೋ. ಹಾಗೆಯೇ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಮರಗಳ ಮರೆಗೆ ಇಳಿದು ಹೋದ.